ಲುಂಬಿನಿಯಲ್ಲಿ ಕೇಳದೆ ಬಿಟ್ಟ ಪ್ರಶ್ನೆ

ಕಲಬುರಗಿ ಸ್ಟೇಶನ್

ಲುಂಬಿನಿ ನೋಡಿ ಬಂದಿರಲ್ಲ, ಹೇಗಿತ್ತು ಎಂದು ಕೇಳುವವರಿಗೆ ನಾನು ಇಷ್ಟು ದಿನ ಸರಿಯಾದ ಉತ್ತರ ಕೊಟ್ಟಿಲ್ಲ. ಚೆನ್ನಾಗಿತ್ತು ಎಂದು ಹೇಳಿ ಚಹಾ ಇಡಲು ಎದ್ದುಬಿಡುತ್ತಿದ್ದೆ. ಇವತ್ತು ಕೂತು ಬರೆಯುತ್ತಿದ್ದೇನೆ. ಅಲ್ಲಿ ನಾನು ಮಾಡಿದ ತಪ್ಪು ನನ್ನಂಥವಳು ಮಾಡಬಾರದ್ದು. ಅದನ್ನು ಮುಚ್ಚಿಟ್ಟರೆ ಇನ್ನೊಬ್ಬರ ಮನೆಯಲ್ಲೂ ಅದೇ ಆಗಬಹುದು.

ಮೂವತ್ತೊಂದು ವರ್ಷ ನಾನು ಕಮಲಾಪುರದ ಸುತ್ತಲ ಹಳ್ಳಿಗಳಲ್ಲಿ ಸರಕಾರಿ ನರ್ಸ್ ಆಗಿದ್ದೆ. ನನ್ನ ಹೆಸರು ಶಾಂತಾಬಾಯಿ ಎನ್ನುವುದನ್ನು ಜನ ಮರೆತು ನರ್ಸಬಾಯಿ ಎಂದೇ ಕರೆಯುತ್ತಾರೆ. ನಿವೃತ್ತಿಯಾದ ಮೇಲೂ ನಮ್ಮ ಕಟ್ಟೆಗೆ ಬಂದು ಹೊಟ್ಟೆಯ ಕತೆ ಹೇಳುವವರಿಗೆ ಬರವಿಲ್ಲ. ಯಾರು ಬಂದರೂ ನಾಲ್ಕು ಮಾತು ಕೇಳುತ್ತಿದ್ದೆ. ಎಷ್ಟು ದಿನ ಆತು? ಸಂಡಾಸದ ಬಣ್ಣ ಏನು? ಮೈ ಇಳಿದಾದೇನು? ಯಾವ ಗುಳಿಗಿ ನುಂಗಾಕತ್ತೀರಿ? ನಾಚಿಕೊಂಡು ನೆಲ ನೋಡುವ ಹೆಂಗಸರಿಗೆ, "ನನ್ನ ಮುಂದ ಏನ್ ನಾಚಿಕಿ, ಬಣ್ಣ ಹೇಳ್ರಿ" ಎಂದು ಗದರುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಜೋರು.

ಈ ಪ್ರವಾಸ ನಮ್ಮ ಭೀಮಶಾ ಅಣ್ಣನ ಆಸೆ. ಅವನು ನನಗಿಂತ ಎಂಟು ವರ್ಷ ದೊಡ್ಡವನು. ಅಪ್ಪ ತೀರಿಕೊಂಡಾಗ ತಾನು ಶಾಲೆ ಬಿಟ್ಟು ರೈಲ್ವೆ ಗ್ಯಾಂಗಿನಲ್ಲಿ ಹಳಿ ಕಾಯುವ ಕೆಲಸ ಹಿಡಿದು ನನ್ನನ್ನು ನರ್ಸಿಂಗ್ ಓದಿಸಿದವನು. ಜೀವನವೆಲ್ಲ ಹಳಿಯ ಜಲ್ಲಿಯ ಮೇಲೆ ನಡೆದು ಅವನ ಮೊಣಕಾಲು ಸವೆದಿವೆ. ಈಗ ಶಹಾಬಜಾರದಲ್ಲಿ ಮಗ ಸೊಸೆಯ ಜೊತೆ ಇದ್ದಾನೆ. ಕಾಲು ಪೂರ್ತಿ ಕೈ ಕೊಡುವ ಮೊದಲು ಬುದ್ಧ ಹುಟ್ಟಿದ ಜಾಗ ನೋಡಬೇಕು ಎಂದು ಎರಡು ವರ್ಷದಿಂದ ಅನ್ನುತ್ತಿದ್ದ. ನಮ್ಮ ಓಣಿಯ ಮಿಲಿಂದ ಮಾಸ್ತರರು ಮೂವತ್ತೆರಡು ಮಂದಿಯನ್ನು ಕೂಡಿಸಿ ಹೊರಟಾಗ ನಾವಿಬ್ಬರೂ ಹೆಸರು ಬರೆಸಿದೆವು.

ಪರದೇಶಕ್ಕೆ ಹೋಗುವುದೆಂದರೆ ನಮ್ಮ ಕಡೆ ಮೊದಲ ಚಿಂತೆ ರೊಟ್ಟಿಯದು. ಒಂದು ವಾರ ಕೂತು ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿದೆ. ಜೊತೆಗೆ ಹಚ್ಚಿಕೊಳ್ಳಲು ಚಟ್ನಿಪುಡಿ, ಅಂದರೆ ನಮ್ಮ ಹಿಂಡಿ: ಶೇಂಗಾ ಹಿಂಡಿ ಒಂದು ಡಬ್ಬಿ, ಅಗಸಿ ಹಿಂಡಿ ಒಂದು ಡಬ್ಬಿ, ಅಣ್ಣನಿಗೆ ಜೀವವಾದ ಗುರೆಳ್ಳು ಹಿಂಡಿ ದೊಡ್ಡ ಡಬ್ಬಿ. ಗುರೆಳ್ಳನ್ನು ಹದವಾಗಿ ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿದರೆ ಹಿಂಡಿ ಇದ್ದಲಿನಂತೆ ಕಪ್ಪಗಿರುತ್ತದೆ. ಹಾಗೆ ಕಪ್ಪಗಾದರೇನೇ ಅದು ಹಿಂಡಿ ಎಂದು ನನಗೆ ಸ್ವಲ್ಪ ಜಂಬ ಬೇರೆ.

ಸ್ಟೇಶನ್ನಿನಲ್ಲಿ ಅಣ್ಣ ಬಂದು ನಿಂತಾಗ ಅವನ ಅಂಗಿ ಹೆಗಲಿನಿಂದ ಜಾರುತ್ತಿತ್ತು.

"ಏನಣ್ಣಾ, ಅಂಗಿ ಯಾರದು?" ಎಂದೆ.

"ನಂದೇ. ವಯಸ್ಸಾತಲ್ಲ, ಮೈ ಇಳೀತದ."

ಹಳ್ಳಿಯ ಯಾವ ಮುದುಕ ಆ ಮಾತು ಹೇಳಿದ್ದರೂ ನಾನು ತೂಕ ನೋಡಿಸದೆ ಬಿಡುತ್ತಿರಲಿಲ್ಲ. ಅಣ್ಣ ಹೇಳಿದ್ದಕ್ಕೆ ಹೂಂ ಎಂದು ರೊಟ್ಟಿಯ ಗಂಟು ಎತ್ತಿಕೊಂಡು ರೈಲು ಹತ್ತಿದೆ.

ರೈಲಿನಲ್ಲಿ

ಎರಡನೆಯ ದಿನದ ಹೊತ್ತಿಗೆ ಕಂಡ ಕಂಡ ಸ್ಟೇಶನ್ನಿನ ನೀರು ಕುಡಿದು, ಕರಿದದ್ದು ತಿಂದು, ನಮ್ಮ ಗುಂಪಿನ ಆರು ಮಂದಿಗೆ ಜುಲಾಬು ಶುರುವಾಯಿತು. ನನ್ನ ಸೀಟೇ ದವಾಖಾನೆ ಆಯಿತು. ಉಪ್ಪು ಸಕ್ಕರೆಯ ಪುಡಿ ನೀರಿಗೆ ಕಲಸಿ ಕೊಟ್ಟು ಗುಟುಕು ಗುಟುಕಾಗಿ ಕುಡಿಸಿದೆ. ಎಲ್ಲರಿಗೂ ಕೇಳುವಂತೆ ಭಾಷಣವನ್ನೂ ಮಾಡಿದೆ. ಊರು ಬಿಟ್ಟಾಗ ಹೊಟ್ಟೆ ಕೆಡುವುದು ದೊಡ್ಡ ಸಂಗತಿಯಲ್ಲ, ಸಾಮಾನ್ಯವಾಗಿ ಎರಡು ದಿನದಲ್ಲಿ ತಾನೇ ನಿಲ್ಲುತ್ತದೆ. ಆದರೆ ಜ್ವರ ಬಂದರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ರಕ್ತ ಕಂಡರೆ, ನನ್ನ ಪುಡಿ ನಂಬಿ ಕೂಡಬಾರದು, ಡಾಕ್ಟರ ಹತ್ತಿರ ಹೋಗಬೇಕು.

ಅಣ್ಣ ಕಿಟಕಿಯ ಹತ್ತಿರ ಕೂತು ಎಲ್ಲ ಕೇಳಿಸಿಕೊಂಡ. "ನಿನಗೇನಣ್ಣಾ?" ಎಂದದ್ದಕ್ಕೆ, "ನನಗೇನಾಗ್ಯಾದ. ಒಂದೀಟು ಗ್ಯಾಸ್ ಅಷ್ಟೇ" ಎಂದು ಜೇಬಿನಿಂದ ಸೋಡಾ ಪುಡಿಯ ಪೊಟ್ಟಣ ತೆಗೆದು ನೀರಿಗೆ ಹಾಕಿ ಕುಡಿದ. ನಮ್ಮ ಕಡೆ ಎದೆಯುರಿಗೂ ಗ್ಯಾಸ್, ಹೊಟ್ಟೆನೋವಿಗೂ ಗ್ಯಾಸ್. ಮನುಷ್ಯ ಬೆವತು ಬಿದ್ದರೂ ಗ್ಯಾಸ್ ಎನ್ನುತ್ತಾರೆ. ಆ ಪೊಟ್ಟಣ ಎಷ್ಟು ತಿಂಗಳಿನಿಂದ ಅವನ ಜೇಬಿನಲ್ಲಿದೆ ಎಂದು ನಾನು ಕೇಳಲಿಲ್ಲ.

ಮಿಲಿಂದ ಮಾಸ್ತರರು ದಾರಿಯುದ್ದಕ್ಕೂ ಬುದ್ಧನ ಕತೆ ಹೇಳುತ್ತಿದ್ದರು. ಕೊನೆಯ ಊಟದ ನಂತರ ಬುದ್ಧನಿಗೆ ಹೊಟ್ಟೆನೋವು ಬಂದು ರಕ್ತ ಹೋಯಿತಂತೆ. ಊಟ ಬಡಿಸಿದ ಕಮ್ಮಾರನ ಮೇಲೆ ಯಾರೂ ತಪ್ಪು ಹೊರಿಸಬಾರದು ಎಂದು ಅಂಥ ನೋವಿನಲ್ಲೂ ಹೇಳಿದನಂತೆ. ಅಣ್ಣ ಆ ಕತೆಯನ್ನು ಎರಡು ಸಲ ಹೇಳಿಸಿಕೊಂಡ.

ಗಡಿ

ಗೋರಖಪುರದಿಂದ ಬಸ್ಸಿನಲ್ಲಿ ಹೋಗಿ ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟಿದೆವು. ಪರದೇಶ ಎಂದು ಎದೆ ಡವಡವ ಎನ್ನುತ್ತಿತ್ತು. ನೋಡಿದರೆ ಆಚೆ ಕಡೆಗೂ ಅದೇ ಧೂಳು, ಅದೇ ಬಾಳೆಹಣ್ಣಿನ ಗಾಡಿ. ಗಡಿಯಾರ ಮಾತ್ರ ಹದಿನೈದು ನಿಮಿಷ ಮುಂದೆ. ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಬೇಕಾಗಿತ್ತೋ ಎಂದು ನಾನು ಗೊಣಗಿದೆ.

ಅಲ್ಲಿಯ ಪೊಲೀಸನೊಬ್ಬ ನನ್ನ ಗಂಟು ಬಿಚ್ಚಿಸಿದ. ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ ಹಪ್ಪಳವೇ ಎಂದು ಕೇಳಿದ. ಗುರೆಳ್ಳು ಹಿಂಡಿಯ ಡಬ್ಬಿ ತೆರೆದವನು ಮುಖ ಗಂಟಿಕ್ಕಿ, "ಬಾರೂದ್ ಹೈ ಕ್ಯಾ?" ಎಂದ. ಮದ್ದಿನ ಪುಡಿ ಎಂದುಕೊಂಡಿದ್ದ. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ರೊಟ್ಟಿ ಮುರಿದು ಅದರ ಮೇಲೆ ಇಷ್ಟು ಹಾಕಿ ಅವನ ಕೈಗೂ ಕೊಟ್ಟೆ. ಅವನು ತಿಂದು ಕಣ್ಣಲ್ಲಿ ನೀರು ತಂದುಕೊಂಡು ನಕ್ಕು ಕಳಿಸಿದ. ಗುಂಪೆಲ್ಲ ನಕ್ಕಿತು. ಅಣ್ಣನೂ ನಕ್ಕ, ಆದರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಮೊಣಕಾಲಿನ ತ್ರಾಸ ಎಂದುಕೊಂಡೆ.

ಲುಂಬಿನಿ, ಮೊದಲ ಸಂಜೆ

ನಾವಿಳಿದ ವಸತಿಗೃಹದ ಒಡತಿ ನನ್ನ ವಯಸ್ಸಿನವಳು. ಬಾಗಿಲಲ್ಲೇ ಕೈ ಮುಗಿದು, "ಖಾನಾ ಖಾನುಭಯೋ?" ಎಂದಳು. ಊಟ ಆಯಿತೇ ಎಂದು. ಅಲ್ಲಿ ಭೇಟಿಯಾದವರೆಲ್ಲ ಅದನ್ನೇ ಕೇಳುತ್ತಾರೆ. ನಮ್ಮಲ್ಲೂ ಹಾಗೆಯೇ ಅಲ್ಲವೆ, ಹಾದಿಯಲ್ಲಿ ಸಿಕ್ಕವರು "ಊಟ ಆತೇನ್ರಿ?" ಎನ್ನದೆ ಮುಂದೆ ಹೋಗುವುದಿಲ್ಲ. ಎರಡು ದೇಶದಲ್ಲೂ ಹೊಟ್ಟೆಯೊಳಗೆ ಹೋದದ್ದನ್ನು ಎಲ್ಲರೂ ವಿಚಾರಿಸುತ್ತಾರೆ, ಆಮೇಲಿನದನ್ನು ಯಾರೂ ಕೇಳುವುದಿಲ್ಲ. ಇದು ಆಗ ಹೊಳೆದದ್ದಲ್ಲ. ಆಗ ನನಗೆ ಹಸಿವಾಗಿತ್ತು, ಅನ್ನ ಬೇಳೆ ಹೊಡೆಯುತ್ತಿದ್ದೆ. ಆಕೆ ಕುಡಿಯಲು ಬಿಸಿನೀರನ್ನೇ ಕೊಟ್ಟಳು. ತಣ್ಣೀರು ಕೇಳಿದರೆ ನೀರಡಿಕೆಗೆ ತಣ್ಣೀರು ಯಾಕೆ ಎನ್ನುವಂತೆ ನೋಡಿದಳು.

ಅಣ್ಣ ನಾಲ್ಕು ತುತ್ತು ತಿಂದು ಹೊಟ್ಟೆ ತುಂಬಿತು ಎಂದು ತಾಟು ಸರಿಸಿದ. ಮದುವೆ ಊಟದಲ್ಲಿ ಹತ್ತು ರೊಟ್ಟಿ ಮುರಿಯುತ್ತಿದ್ದವನು ಅವನು.

ಸಂಜೆ ಇಬ್ಬರೂ ಕಾಲುವೆಯ ದಂಡೆಗೆ ಹೋಗಿ ಕಲ್ಲಿನ ಬೆಂಚಿನ ಮೇಲೆ ಕೂತೆವು. ಕಾಲುವೆಯ ಎರಡೂ ಬದಿಗೆ ಒಂದೊಂದು ದೇಶದವರು ಕಟ್ಟಿಸಿದ ವಿಹಾರಗಳು. ಬಿಳಿ ಸೀರೆಯ ಸಿಂಹಳದ ಹೆಂಗಸರು ಸಾಲಾಗಿ ಸದ್ದಿಲ್ಲದೆ ಹೋಗುತ್ತಿದ್ದರು. ನಮ್ಮ ಗುಂಪು ಎಲ್ಲಿದೆ ಎಂದು ಮಾತ್ರ ಅರ್ಧ ಮೈಲಿನಿಂದಲೇ ಕೇಳುತ್ತಿತ್ತು. ಅಣ್ಣ ನೀರು ನೋಡುತ್ತಲೇ ಕೇಳಿದ.

"ಶಾಂತಾ, ಗುರೆಳ್ಳ ಹಿಂಡಿ ತಿಂದ್ರ ಸಂಡಾಸ ಕರೇ ಆಗ್ತದೇನು?"

ನಮ್ಮಣ್ಣ ನನ್ನ ಮುಂದೆ ಅಂಥ ಮಾತು ಎಂದೂ ಎತ್ತಿದವನಲ್ಲ. ನನಗೆ ನಾಚಿಕೆಯಾಯಿತು. ಊರಿನ ಸಾವಿರ ಜನರ ಮುಂದೆ ಇಲ್ಲದ ನಾಚಿಕೆ ಒಡಹುಟ್ಟಿದವನ ಮುಂದೆ ಬಂತು. ಅದನ್ನು ಮರೆಸಲು ನಕ್ಕುಬಿಟ್ಟೆ.

"ಕರೇದು ತಿಂದ್ರ ಕರೇದೇ ಆಗ್ತದಣ್ಣಾ, ಬೆಳ್ಳಗ ಆಗ್ತದೇನು?"

ಅವನೂ ನಕ್ಕ. "ಅದೂ ಖರೇನ" ಎಂದು ಎದ್ದ. ಅಷ್ಟಕ್ಕೆ ಆ ಮಾತು ಮುಗಿಯಿತು. ಎಷ್ಟು ದಿನದಿಂದ, ಹೇಗಿರುತ್ತದೆ, ಒಂದನ್ನೂ ನಾನು ಕೇಳಲಿಲ್ಲ.

ಲುಂಬಿನಿ, ಎರಡನೆಯ ಬೆಳಿಗ್ಗೆ

ಬುದ್ಧ ಹುಟ್ಟಿದ ಜಾಗದಲ್ಲಿರುವ ಮಾಯಾದೇವಿ ಗುಡಿಗೆ ಚಪ್ಪಲಿ ಬಿಟ್ಟು ಹೋಗಬೇಕು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ, ನೆಲ ತಣ್ಣಗಿತ್ತು. ಮರದಿಂದ ಮರಕ್ಕೆ ಬಣ್ಣಬಣ್ಣದ ಬಟ್ಟೆಯ ಪತಾಕೆ ಕಟ್ಟಿದ್ದರು. ಗುಡಿಯ ಪಕ್ಕದ ಕೊಳದ ದಂಡೆಯಲ್ಲಿ ನಮ್ಮ ಸಾಲು ನಿಂತಿತ್ತು. ಅಣ್ಣ ಸಂಡಾಸಕ್ಕೆ ಹೋಗಿ ಬರುತ್ತೇನೆಂದು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖ ಸುಣ್ಣವಾಗಿತ್ತು. "ಕಣ್ಣಿಗಿ ಕತ್ತಲಿ ಬರಾಕತ್ತದ" ಎಂದು ಕೊಳದ ಮೆಟ್ಟಿಲ ಮೇಲೆ ಕೂತ. ಕೂತವನು ಹಾಗೇ ಪಕ್ಕಕ್ಕೆ ಒರಗಿದ.

ಕೈ ಹಿಡಿದೆ. ಮಂಜಿನಂತೆ ತಣ್ಣಗಿತ್ತು, ನಾಡಿ ಓಡುತ್ತಿತ್ತು. ಧೋತರದ ಮೇಲೆ ಡಾಂಬರು ಹತ್ತಿದಂಥ ಕರೀ ಕಲೆ. ಅದರ ವಾಸನೆ ನನಗೆ ಗೊತ್ತಿತ್ತು. ವಾರ್ಡಿನಲ್ಲಿ ಕೆಲಸ ಮಾಡಿದವರು ಆ ವಾಸನೆ ಮರೆಯುವುದಿಲ್ಲ. ಅದು ಹಿಂಡಿಯಲ್ಲ, ಹೊಟ್ಟೆಯೊಳಗೆ ಸೋರಿ ಕರ್ರಗಾದ ರಕ್ತ.

ಬಿಳಿ ಸೀರೆಯ ಸಿಂಹಳದ ಹೆಂಗಸೊಬ್ಬಳು ತನ್ನ ಶಾಲು ಮಡಚಿ ಅಣ್ಣನ ತಲೆಯ ಕೆಳಗಿಟ್ಟಳು. ಇಬ್ಬರು ನೇಪಾಳಿ ಕಾವಲುಗಾರರು ಅವನನ್ನು ಎತ್ತಿ ಬ್ಯಾಟರಿ ರಿಕ್ಷಾದಲ್ಲಿ ಹಾಕಿ ಗೇಟಿನವರೆಗೆ ತಂದರು. ಅಲ್ಲಿಂದ ಕಾರು. ಮಿಲಿಂದ ಮಾಸ್ತರರು ಗುಂಪನ್ನು ಇನ್ನೊಬ್ಬರಿಗೆ ಒಪ್ಪಿಸಿ ನಮ್ಮ ಜೊತೆ ಹತ್ತಿದರು. ಅಣ್ಣ ಕಣ್ಣು ಬಿಟ್ಟು ಹಿಂದೆ ತಿರುಗಿ ನೋಡಿ, "ಗುಡಿ ಹತ್ತು ಹೆಜ್ಜಿ ಇತ್ತಲ್ಲ" ಎಂದ.

ದವಾಖಾನೆ

ದೊಡ್ಡ ಊರಿನ ದವಾಖಾನೆಗೆ ಸುಮಾರು ಒಂದು ತಾಸಿನ ದಾರಿ. ಅಲ್ಲಿ ಚಿಕ್ಕ ವಯಸ್ಸಿನ ನರ್ಸ್ ಹುಡುಗಿಯೊಬ್ಬಳು ಕಾಗದ ಹಿಡಿದು ನನ್ನೆದುರು ನಿಂತು ಹಿಂದಿಯಲ್ಲಿ ಕೇಳಿದಳು. ಎಷ್ಟು ದಿನದಿಂದ ಕಪ್ಪಗೆ ಹೋಗುತ್ತಿದೆ? ಅಂಟಂಟಾಗಿತ್ತೇ? ತೂಕ ಇಳಿದಿದೆಯೇ? ನೋವಿನ ಮಾತ್ರೆ ತೆಗೆದುಕೊಳ್ಳುತ್ತಾರೆಯೇ?

ನನ್ನವೇ ನಾಲ್ಕು ಪ್ರಶ್ನೆ. ಗೊತ್ತಿಲ್ಲ, ಗೊತ್ತಿಲ್ಲ ಎಂದೆ. ನೋವಿನ ಮಾತ್ರೆ ಇಲ್ಲ ಎಂದು ಮಾತ್ರ ಗಟ್ಟಿಯಾಗಿ ಹೇಳಿದೆ. ಅಷ್ಟರಲ್ಲಿ ಮಿಲಿಂದ ಮಾಸ್ತರರು ಅಣ್ಣನ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತಂದರು.

"ಅಕ್ಕಾ, ಇದನ್ನ ನೋಡ್ರಿ" ಎಂದರು.

ಒಳಗೆ ನೋವಿನ ಗುಳಿಗೆಯ ಪಟ್ಟಿಗಳು, ಅರ್ಧಕ್ಕರ್ಧ ಖಾಲಿ. ಅಣ್ಣ ಮಲಗಿದಲ್ಲಿಂದಲೇ ತೊದಲುತ್ತ ಹೇಳಿದ. ಮೊಣಕಾಲಿಗೆಂದು ಸ್ಟೇಶನ್ ಬಜಾರದ ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದದ್ದು. ಐದು ತಿಂಗಳಿಂದ ದಿನಕ್ಕೆರಡು. ಪ್ರವಾಸದಲ್ಲಿ ಯಾರಿಗೂ ಭಾರವಾಗಬಾರದೆಂದು ಬೆಳಿಗ್ಗೆ ಎದ್ದವನೇ ಬರೀ ಹೊಟ್ಟೆಯಲ್ಲಿ ಇನ್ನೊಂದು ಹೆಚ್ಚು.

ಡಾಕ್ಟರು ಬಂದು ಅಣ್ಣನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಮೈಯಲ್ಲಿ ರಕ್ತವಿಲ್ಲದೆ ಒಳಗೆ ಹಾಳೆಯಂತೆ ಬೆಳ್ಳಗಿತ್ತು. ಸಾವಿರಾರು ಬಸುರಿಯರ ರೆಪ್ಪೆ ಹೀಗೆ ಎಳೆದು ನೋಡಿದ ಕೈ ನನ್ನದು. ಮೂರು ದಿನ ಎದುರು ಬದುರು ಸೀಟಿನಲ್ಲಿ ಕೂತಿದ್ದರೂ ಅಣ್ಣನ ರೆಪ್ಪೆ ಎಳೆದು ನೋಡಿರಲಿಲ್ಲ.

ಎರಡು ಬಾಟಲಿ ರಕ್ತ ಕೊಟ್ಟರು. ಬಾಯಿಯಿಂದ ನಳಿಕೆ ಇಳಿಸಿ ನೋಡಿದರೆ ಜಠರದಲ್ಲಿ ಹುಣ್ಣು, ಅದರ ಬಾಯಿಂದ ರಕ್ತ ಜಿನುಗುತ್ತಿತ್ತು. ನಳಿಕೆಯ ಮೂಲಕವೇ ಸೂಜಿ ಹಾಕಿ ನಿಲ್ಲಿಸಿದರು. ಆಮೇಲೆ ಡಾಕ್ಟರು ನನ್ನನ್ನು ಕರೆದು ಕೂಡಿಸಿದರು. ಕಪ್ಪು ತಿನಿಸು ತಿಂದರೂ, ಕಬ್ಬಿಣದ ಮಾತ್ರೆ ತಿಂದರೂ ಬಣ್ಣ ಕಪ್ಪಾಗಬಹುದು. ಆದರೆ ಡಾಂಬರಿನಂತೆ ಅಂಟಿ, ಹೊಳೆದು, ಕೆಟ್ಟ ವಾಸನೆ ಬಂದರೆ ಅದೇ ದಿನ ದವಾಖಾನೆಗೆ ಬರಬೇಕು. ಜೊತೆಗೆ ತಲೆ ತಿರುಗಿದರೆ, ಏದುಸಿರು ಬಂದರೆ ಒಂದು ಗಳಿಗೆಯೂ ಕಾಯಬಾರದು. ಕಪ್ಪೋ ಅಲ್ಲವೋ ಎಂಬ ಅನುಮಾನವಿದ್ದರೂ ಬಂದು ತೋರಿಸಬೇಕು ಎಂದರು. ಎಷ್ಟು ವರ್ಷದಿಂದಲೋ ನಾನೇ ಜನಕ್ಕೆ ಹೇಳಿದ ಮಾತು. ಶಾಲೆಯ ಮಗುವಿನ ಹಾಗೆ ಹೂಂ ಎನ್ನುತ್ತ ಕೂತೆ. ನಾನೂ ನರ್ಸ್ ಎಂದು ಹೇಳಲು ಬಾಯಿ ಬರಲಿಲ್ಲ.

ಮೂರನೆಯ ದಿನ ಅಣ್ಣನಿಗೆ ಮೆತ್ತನೆಯದು ತಿನ್ನಲು ಹೇಳಿದರು. ವಸತಿಗೃಹದ ಒಡತಿ ಅಷ್ಟು ದೂರದಿಂದ ಅಕ್ಕಿ ಬೇಳೆ ಕರಗುವಂತೆ ಬೇಯಿಸಿದ ಜಾವ್ಲೋ ತಂದಳು. ನಮ್ಮ ಖಿಚಡಿಯೇ, ಒಗ್ಗರಣೆಯಿಲ್ಲ. ಬಂದವಳು ಅಣ್ಣನಿಗಲ್ಲ, ನನಗೆ ಕೇಳಿದಳು, "ಖಾನಾ ಖಾನುಭಯೋ, ದಿದಿ?" ಎಂದು. ಮೂರು ದಿನದಿಂದ ತಡೆದದ್ದು ಆಗ ಉಕ್ಕಿ ಬಂತು. ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಯಾಕೆ ಎಂದು ಅವಳು ಕೇಳಲೂ ಇಲ್ಲ.

ಅವಳು ಹೋದ ಮೇಲೆ ಅಣ್ಣನ ಮಂಚದ ಹತ್ತಿರ ಕೂತೆ.

"ಅಣ್ಣಾ, ನೀ ಕೇಳಿದಾಗ ನಾ ನಕ್ಕಿನಿ" ಎಂದೆ. "ಎಷ್ಟು ದಿನದಿಂದ ಆಗಿತ್ತು ಹೇಳು."

"ರೈಲಿನ್ಯಾಗ ಶುರು ಆಗಿತ್ತು. ಹಿಂಡಿ ಅಂತ ಅನಕೊಂಡಿದ್ದೆ. ಆದ್ರೂ ಮನಸಿನ್ಯಾಗ ಅಂಜಿಕಿ ಇತ್ತು."

"ಮತ್ತ ಇನ್ನೊಮ್ಮೆ ಯಾಕ ಕೇಳಲಿಲ್ಲ?"

ಅಣ್ಣ ಆ ಪ್ರಶ್ನೆಯೇ ತಿಳಿಯದವನಂತೆ ನನ್ನ ಮುಖ ನೋಡಿದ. "ನೀ ನರ್ಸಬಾಯಿ. ನೀ ಆಗ್ತದ ಅಂದಿ, ನನ್ನ ಅಂಜಿಕಿ ಹೋತು. ಆ ದಿನ ಆರಾಮ ನಿದ್ದಿ ಹತ್ತಿತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ನನ್ನ ಕಣ್ಣೀರು ನೋಡಿ ಕೈ ಮೇಲೆ ಕೈಯಿಟ್ಟು, "ಊಟ ಬಡಿಸಿದ ಕಮ್ಮಾರಂದು ತಪ್ಪಿಲ್ಲಂತ ಬುದ್ಧ ಹೇಳ್ಯಾನಲ್ಲ. ನಿನ್ನ ಹಿಂಡಿದೂ ತಪ್ಪಿಲ್ಲ ಬಿಡು" ಎಂದ. ಹಿಂಡಿಯದು ತಪ್ಪಿಲ್ಲ ಎಂದು ನನಗೂ ಗೊತ್ತಿತ್ತು. ತಪ್ಪು ನನ್ನ ನಗುವಿನದು.

ಲುಂಬಿನಿ, ಮತ್ತೊಮ್ಮೆ

ಎಂಟನೆಯ ದಿನ ಬಿಟ್ಟರು. ನಮ್ಮ ಗುಂಪು ಆಗಲೇ ಊರು ಸೇರಿತ್ತು, ಮಿಲಿಂದ ಮಾಸ್ತರರು ಮಾತ್ರ ನಮ್ಮ ಜೊತೆ ಉಳಿದಿದ್ದರು. ಡಾಕ್ಟರನ್ನು ಕೇಳಿ ಒಪ್ಪಿಸಿಕೊಂಡು, ಗಾಲಿಕುರ್ಚಿಯಲ್ಲಿ ಕೂಡಿಸಿ ಅಣ್ಣನನ್ನು ಗುಡಿಯೊಳಗೆ ಕರೆದುಕೊಂಡು ಹೋದೆವು. ಗಾಜಿನ ಕೆಳಗೆ, ಬುದ್ಧ ಹುಟ್ಟಿದ ಜಾಗ ಇದೇ ಎಂದು ಗುರುತಿಗಿಟ್ಟ ಸಣ್ಣ ಕಲ್ಲು. ಅಣ್ಣ ಕೈ ಮುಗಿದು ನೋಡಿದ.

"ಇಷ್ಟ ಜಾಗಾ ನೋಡ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ವಾಪಸ್ ಹೋಗಿ ಯಾವ ಗುಳಿಗಿ ತಿನ್ನಬೇಕು ನೀನೇ ಕೊಡು. ಗುಳಿಗಿ ಡಬ್ಬಿ ನನ್ನ ಕೈಯಾಗ ಬಿಡಬ್ಯಾಡ" ಎಂದ.

ಯಾರೋ ಗುರುತಿಲ್ಲದ ಇಬ್ಬರು ನೇಪಾಳದವರ ರಕ್ತ ಅವನ ಮೈಯಲ್ಲಿತ್ತು. ಗಡಿ ದಾಟುವಾಗ ಗಡಿಯಾರವನ್ನು ಹದಿನೈದು ನಿಮಿಷ ಹಿಂದಕ್ಕಿಟ್ಟುಕೊಂಡೆವು.

ಕಮಲಾಪುರ

ಹುಣ್ಣಿನಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಬಂತು. ಆ ಕಾಗದ ಬರುವವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಈಗ ಕಲಬುರಗಿಯ ಡಾಕ್ಟರ ಔಷಧ ನಡೆದಿದೆ. ಪೂರ್ತಿ ಮಾಯುವವರೆಗೆ ನನ್ನ ಕಣ್ಣೆದುರಿಗೆ ಇರಲಿ ಎಂದು ಅಣ್ಣನನ್ನು ಇಲ್ಲಿಗೇ ಕರೆತಂದಿದ್ದೇನೆ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತೇನೆ, ಡಾಕ್ಟರು ಹೇಳಿದ ಗುಳಿಗೆ ಮಾತ್ರ ಕೊಡುತ್ತೇನೆ. ಮೊದಲ ದಿನ ಬಣ್ಣ ಕೇಳುವಾಗ ಇಬ್ಬರಿಗೂ ಮುಖ ಎತ್ತಲಾಗಲಿಲ್ಲ. ಈಗ ಚಹಾ ಆಯಿತೇ ಎಂದು ಕೇಳಿದ ಹಾಗೆ ಕೇಳುತ್ತೇನೆ, ಅವನೂ ಹಾಗೆಯೇ ಹೇಳುತ್ತಾನೆ. ಗುರೆಳ್ಳು ಹಿಂಡಿಯ ಡಬ್ಬಿ ತೊಳೆದು ಮೇಲಿಟ್ಟಿದ್ದೇನೆ. ಬಣ್ಣದಲ್ಲಿ ಅನುಮಾನಕ್ಕೆ ಜಾಗವಿಲ್ಲದಂತೆ ಸದ್ಯಕ್ಕೆ ಅದು ಬೇಡ.

ನಮ್ಮ ಕಡೆ ಒಂದು ರೂಢಿಯಿದೆ. ರೋಗ ಹೇಳಲು ಬಂದವರು ಅದಕ್ಕೆ ಕಾರಣವನ್ನೂ ತಾವೇ ಕಟ್ಟಿಕೊಂಡು ಬರುತ್ತಾರೆ, ನಾವು ಹೂಂ ಎಂದರೆ ಸಾಕು. ಮೊನ್ನೆ ಪಕ್ಕದ ಮನೆಯ ಸುಭದ್ರಮ್ಮ ಹಾಗೆಯೇ ಬಂದಳು. ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ.

"ನರ್ಸಬಾಯಿ, ನಮ್ಮವರಿಗಿ ಊಟಾನ ಸೇರವಲ್ದು. ನಾಕ್ ತುತ್ತಿಗಿ ಸಾಕು ಅಂತಾರ. ಮದುವಿ ಊಟ ಜಾಸ್ತಿ ಆಗಿರಬೇಕು, ಅಷ್ಟೇ ಅಲ್ಲೇನ್ರಿ?"

ಅವಳ ಗಂಡ ಊಟದಲ್ಲಿ ಎತ್ತಿದ ಕೈ. ಅದರ ಮೇಲೊಂದು ಚೇಷ್ಟೆಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮೊರ ಕೆಳಗಿಟ್ಟು ಅವಳಿಗೆ ಚಾಪೆ ಹಾಸಿದೆ.

"ಕೂಡ್ರಿ. ಎಷ್ಟು ದಿನ ಆತು ಹೇಳ್ರಿ ಮೊದಲ."

ಅವಳು ಬೆರಳು ಮಡಚಿ ಎಣಿಸತೊಡಗಿದಳು. ಒಳಗೆ ಮಂಚದ ಮೇಲೆ ಮಲಗಿದ್ದ ಅಣ್ಣ ಕೆಮ್ಮಿ, ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಬಣ್ಣ ಕೇಳು, ಶಾಂತಾ."